ಸ್ವರ್ಣಕ್ಕ ನೋಡಿಬಂದ ಗೋಥೆನ್‌ಬರ್ಗ್

ರಿಟೈರ್ ಆದ ಮೇಲೆ ಹಡಗಿನಲ್ಲಿ ಕ್ರೂಸ್ ಹೋಗುವುದು ನ್ಯೂಜೆರ್ಸಿಯ ನಮ್ಮ ವುಡ್‌ಬ್ರಿಡ್ಜ್ ಕಡೆಯ ಜನಕ್ಕೆ ಈಗ ರೂಢಿಯೇ ಆಗಿಬಿಟ್ಟಿದೆ. ಬಹಾಮಾಸ್‌ಗೆ ಹೋಗುತ್ತಾರೆ, ಅಲಾಸ್ಕಾಗೆ ಹೋಗುತ್ತಾರೆ, ಬಂದು ಬಫೆಯಲ್ಲಿ ಎಷ್ಟು ಬಗೆಯ ಸಿಹಿ ಇತ್ತು ಅಂತ ಹೇಳುತ್ತಾರೆ. ನಮ್ಮ ಸ್ವರ್ಣಕ್ಕನೂ ಹೋಗಿಬಂದರು. ಆದರೆ ಅವರು ಹೋದದ್ದು ಒಂದು ಗುಡ್ಡ ನೋಡುವುದಕ್ಕೆ, ಆ ಗುಡ್ಡದ ಮೇಲೆ ಒಂದು ಕಾಲದಲ್ಲಿ ಇದ್ದ ಫೋನ್ ನೋಡುವುದಕ್ಕೆ.

ಸ್ವರ್ಣಕ್ಕ ಅಂದರೆ ಸ್ವರ್ಣಲತಾ. ನಮ್ಮ ಮನೆಯಿಂದ ಎರಡು ಮನೆ ಆಚೆ ಅವರದ್ದು. ನಾನು ಮಂಡ್ಯ ಕಡೆಯವಳು. ಅವರು ಕರಾವಳಿಯವರು, ಮೂಲ್ಕಿ ಹತ್ತಿರದ ಹೆಜಮಾಡಿ. ಗಂಡ ಹೆಂಡತಿ ತಮ್ಮೊಳಗೆ ತುಳು ಮಾತಾಡಿಕೊಳ್ಳುತ್ತಾರೆ, ನಮ್ಮ ಜೊತೆ ಮಂಗಳೂರು ಕನ್ನಡ. ಇಲ್ಲಿನ ಒಂದು ಎಲಿಮೆಂಟರಿ ಸ್ಕೂಲಿನ ಕೆಫೆಟೇರಿಯಾದಲ್ಲಿ ಸ್ವರ್ಣಕ್ಕ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದರು. ನನ್ನ ಇಬ್ಬರು ಮಕ್ಕಳೂ ಅವರ ಕೈಯಿಂದ ಊಟದ ಟ್ರೇ ಇಸಿದುಕೊಂಡು ಬೆಳೆದವರು. ಮಕ್ಕಳಿಗೆ ಈಗಲೂ ಅವರು 'ಮಿಸ್ ಸ್ವರ್ಣ'.

ಗಿಡ್ಡ ಆಳು, ಗಟ್ಟಿ ಮೈ, ಮಾತು ಕಡಿಮೆ. ಹಟ ಮಾತ್ರ ಇಬ್ಬರಿಗಾಗುವಷ್ಟು. ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲೇ ಡ್ರೈವಿಂಗ್ ಕಲಿಯಲು ಹೊರಟು ರೋಡ್ ಟೆಸ್ಟ್‌ನಲ್ಲಿ ಮತ್ತೆ ಮತ್ತೆ ಫೇಲ್ ಆದರಂತೆ. ಬೇಸಿಗೆಯ ತನಕ ತಡೆ, ಹಿಮ ಕರಗಲಿ ಎಂದು ಅವರ ಅಕ್ಕ ಹೇಳಿದ್ದಕ್ಕೆ, ಹಿಮದಲ್ಲಿ ಓಡಿಸಲು ಬಾರದಿದ್ದರೆ ಈ ಊರಲ್ಲಿ ಕಲಿತು ಪ್ರಯೋಜನ ಏನು ಎಂದು ಕೇಳಿ, ಫೆಬ್ರವರಿಯಲ್ಲೇ ಲೈಸೆನ್ಸ್ ತೆಗೆದುಕೊಂಡವರು.

ಅವರ ಗಂಡ ತನಿಯಪ್ಪನವರು ಮೊದಲು ಹಡಗಿನ ಅಡುಗೆಯವರು. ಈಗಿನ ಐಷಾರಾಮಿ ಹಡಗಲ್ಲ, ಸರಕು ಸಾಗಿಸುವ ಹಡಗು. ಕಬ್ಬಿಣ, ಕಾಗದ, ಮರ, ಏನು ಸಿಕ್ಕಿದರೆ ಅದನ್ನು ತುಂಬಿಕೊಂಡು ಉತ್ತರ ಯುರೋಪಿನ ಬಂದರುಗಳ ನಡುವೆ ಓಡಾಡುತ್ತಿದ್ದ ಹಡಗು. ಮದುವೆಯಾದ ಹೊಸದರಲ್ಲೇ ಒಮ್ಮೆ ಹೋದರೆ ವರ್ಷ ಕಳೆದು ಬರುವುದು, ಎರಡು ತಿಂಗಳು ಮನೆಯಲ್ಲಿರುವುದು, ಮತ್ತೆ ಹೋಗುವುದು. ಸ್ವರ್ಣಕ್ಕ ಅತ್ತೆಯ ಜೊತೆ ಹೆಜಮಾಡಿಯಲ್ಲಿ. ನರ್ಸ್ ಆಗಿ ಮೊದಲೇ ನ್ಯೂಜೆರ್ಸಿಗೆ ಬಂದಿದ್ದ ಅಕ್ಕ ಸರೋಜಾ ಅರ್ಜಿ ಹಾಕಿ, ಅದು ವರ್ಷಗಟ್ಟಲೆ ಕಾಯಿಸಿ, ತೊಂಬತ್ತರ ದಶಕದ ಕೊನೆಗೆ ಇವರೆಲ್ಲ ಇಲ್ಲಿಗೆ ಬಂದರು. ತನಿಯಪ್ಪನವರು ಹಡಗು ಬಿಟ್ಟು ನ್ಯೂವಾರ್ಕ್ ಏರ್‌ಪೋರ್ಟ್ ಪಕ್ಕದಲ್ಲಿ ವಿಮಾನಗಳಿಗೆ ಊಟ ಕಟ್ಟಿಕೊಡುವ ದೊಡ್ಡ ಕಿಚನ್ನಿಗೆ ಸೇರಿದರು. ಮಗಳು ನಂದಿತಾ ಇಲ್ಲೇ ಓದಿ, ಮದುವೆಯಾಗಿ, ಈಗ ರಾಬಿನ್ಸ್‌ವಿಲ್‌ನಲ್ಲಿದ್ದಾಳೆ.

ಹಡಗಿನ ವಿಷಯ ತನಿಯಪ್ಪನವರು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ಕೇಳಿದರೆ, ಅಲ್ಲಿ ಹೇಳುವಂಥದ್ದು ಎಂತದೂ ಇಲ್ಲ, ನೀರು ಮತ್ತು ಈರುಳ್ಳಿ ಎಂದು ನಕ್ಕು ಮಾತು ಮುಗಿಸುತ್ತಿದ್ದರು.

ಸ್ವರ್ಣಕ್ಕನಿಗೆ ಆ ಹಡಗಿನ ವರ್ಷಗಳು ಫೋನಿನಲ್ಲಿ ಕೇಳಿಬಂದ ಹೆಸರುಗಳಷ್ಟೇ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಮೆರಿಲ್ ಪಾರ್ಕ್‌ನಲ್ಲಿ ವಾಕ್ ಮಾಡುತ್ತ, ಸ್ವಲ್ಪ ಸ್ವಲ್ಪವಾಗಿ. ಆಗ ಅವರ ಊರಲ್ಲಿ ಫೋನ್ ಇದ್ದದ್ದು ರಸ್ತೆ ಬದಿಯ ಅಕ್ಕಿ ಮಿಲ್ಲಿನಲ್ಲಿ. ಹಡಗು ದಡ ಸೇರಿದಾಗ ತನಿಯಪ್ಪನವರು ಒಮ್ಮೆ ಫೋನ್ ಮಾಡಿ ಹೇಳಿ ಕಳಿಸುವುದು. ಮಿಲ್ಲಿನವರು ಯಾರನ್ನಾದರೂ ಓಡಿಸುವುದು. ಸ್ವರ್ಣಕ್ಕ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದು ಭತ್ತದ ಮೂಟೆಗಳ ಪಕ್ಕ ನಿಲ್ಲುವುದು. ಫೋನ್ ಮತ್ತೆ ಬಡಿದುಕೊಳ್ಳುವುದು. ಮಾತಿಗೆ ಮೊದಲು ಆ ಕಡೆಯಿಂದ ಊರಿನ ಹೆಸರು ಬರುತ್ತಿತ್ತು. ಆರ್ಹುಸ್‌ನಲ್ಲಿದ್ದೇನೆ. ಓಸ್ಲೋದಲ್ಲಿದ್ದೇನೆ. ಹೆಚ್ಚಾಗಿ, ಗೋಥೆನ್‌ಬರ್ಗ್‌ನಲ್ಲಿದ್ದೇನೆ. ಮಗಳು ಹುಟ್ಟಿದ ಸುದ್ದಿ ಕೇಳಿದಾಗಲೂ ಅವರು ಸ್ವೀಡನ್ನಿನ ಆ ಗೋಥೆನ್‌ಬರ್ಗ್‌ನಲ್ಲೇ ಇದ್ದರು. ಎಂಥ ಊರು ಅದು ಎಂದು ಸ್ವರ್ಣಕ್ಕ ಒಮ್ಮೆ ಕೇಳಿದ್ದಕ್ಕೆ, ಗುಡ್ಡದ ಮೇಲೆ ಒಂದು ಗೋಪುರ ಇದೆ, ಗೋಪುರದ ತುದಿಯಲ್ಲಿ ಒಂದು ಹೆಂಗಸಿನ ಪ್ರತಿಮೆ, ಅದರ ಬುಡದಲ್ಲಿ ಈ ಫೋನ್ ಎಂದಿದ್ದರಂತೆ. ಊರಿನ ಬಗ್ಗೆ ಅವರು ಹೇಳಿದ್ದು ಅಷ್ಟೆ.

ಅತ್ತೆ ತೀರಿಕೊಂಡದ್ದು ಒಂದು ಜುಲೈಯಲ್ಲಿ, ಜ್ವರ ಬಂದು. ಹಡಗಿಗೆ ತಿಳಿಸುವ ದಾರಿ ಯಾರಿಗೂ ಗೊತ್ತಾಗಲಿಲ್ಲ. ಹೆಣ ಸುಡುವುದಕ್ಕೆ ಸೌದೆ ಹೊಂದಿಸಿದ್ದು, ನೆಂಟರನ್ನು ಕರೆಸಿದ್ದು ಎಲ್ಲ ಸ್ವರ್ಣಕ್ಕನೇ. ಕೆಲವು ದಿನ ಕಳೆದು ಎಂದಿನ ಹಾಗೆ ಫೋನ್ ಬಂತು. ಮಿಲ್ಲಿನ ಆಳುಗಳು ಸುತ್ತ ನಿಂತಿದ್ದರು. ಗೋಥೆನ್‌ಬರ್ಗ್‌ನಲ್ಲಿದ್ದೇನೆ ಎಂಬ ದನಿ ಕೇಳಿದ ಮೇಲೆ ಸ್ವರ್ಣಕ್ಕ, ಅತ್ತೆ ಹೋದ್ರು, ಅಂದರು. ಆ ಕಡೆಯಿಂದ ಬರೀ ಗಾಳಿಯ ಸದ್ದು, ಹಕ್ಕಿಗಳು ಕಿರುಚುವ ಸದ್ದು. ಸ್ವಲ್ಪ ಹೊತ್ತಿಗೆ ಫೋನ್ ಕಟ್ಟಾಯಿತು. ಮತ್ತೆ ಬಂದದ್ದು ತಿಂಗಳ ಮೇಲೆ, ಬೇರೆ ಯಾವುದೋ ಊರಿನಿಂದ. ಉತ್ತರಕ್ರಿಯೆ ಸರಿಯಾಗಿ ಆಯ್ತಾ ಎಂದಷ್ಟೇ ಕೇಳಿದರು. ಆಮೇಲೆ ಊರಿಗೆ ಬಂದಾಗಲೂ, ಅಮೆರಿಕಕ್ಕೆ ಬಂದ ಮೇಲೂ, ಆ ದಿನದ ಮಾತು ಇಬ್ಬರೂ ಎತ್ತಲಿಲ್ಲ.

ಸ್ವರ್ಣಕ್ಕ ಸ್ಕೂಲಿನಿಂದ ರಿಟೈರ್ ಆದ ತಿಂಗಳೇ ಕ್ರೂಸ್ ವಿಷಯ ತೆಗೆದರು. ನಮ್ಮ ಪೈಕಿ ಕೆಲವರು ಅಲಾಸ್ಕಾಗೆ ಗುಂಪು ಕಟ್ಟುತ್ತಿದ್ದರು. ಅವರಿಗೆ ಅದು ಬೇಡ. ಕೋಪನ್‌ಹೇಗನ್‌ನಲ್ಲಿ ಹತ್ತಿ, ಆರ್ಹುಸ್, ಗೋಥೆನ್‌ಬರ್ಗ್, ಓಸ್ಲೋ ಮುಟ್ಟಿ, ನಾರ್ವೆಯ ದಡದ ಉದ್ದಕ್ಕೂ ಬರ್ಗೆನ್ ತನಕ ಹೋಗಿ ಬರುವ ಹಡಗೇ ಬೇಕು. ತನಿಯಪ್ಪನವರು ಸುತರಾಂ ಒಪ್ಪಲಿಲ್ಲ.

"ಹಡಗು ಬಿಟ್ಟು ಬಂದವ ನಾನು. ದುಡ್ಡು ಕೊಟ್ಟು ಮತ್ತೆ ಹತ್ತುದಾ?" ಅಂದರು.

ಮಗಳೂ ಬೇಡ ಅಂದಳು. ಅಮ್ಮನ ಮಂಡಿ ನೋವು, ಅಪ್ಪನ ಬಿಪಿ, ಅಲ್ಲಿಯ ಚಳಿ, ಏನಾದರೂ ಆದರೆ ಯಾರು ಎಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದಳು. ಸ್ವರ್ಣಕ್ಕ ಯಾರ ಜೊತೆಯೂ ವಾದಕ್ಕೆ ಇಳಿಯಲಿಲ್ಲ. ನೀವು ಬಾರದಿದ್ದರೆ ಸರೋಜಕ್ಕನನ್ನು ಕರಕೊಂಡು ಹೋಗುತ್ತೇನೆ, ಸೀಟು ಹಿಡಿಯಲು ಈ ಶುಕ್ರವಾರ ಕಡೆಯ ದಿನ ಎಂದು ಗಂಡನಿಗೆ ಹೇಳಿ, ಅಡುಗೆಮನೆಗೆ ಹೋದರು. ಗುರುವಾರ ಸಂಜೆ ತನಿಯಪ್ಪನವರು, ನನ್ನ ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀ ಎಂದು ಕೇಳಿದರಂತೆ.

ಜೂನ್ ತಿಂಗಳಲ್ಲಿ ನಾನೇ ಅವರನ್ನು ನ್ಯೂವಾರ್ಕ್ ಏರ್‌ಪೋರ್ಟ್‌ಗೆ ಡ್ರಾಪ್ ಮಾಡಿ ಬಂದೆ. ಸ್ವರ್ಣಕ್ಕ ಹೊಸ ವಾಕಿಂಗ್ ಶೂ ಹಾಕಿಕೊಂಡು, ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದರು.

ಅಲ್ಲಿ ಆದದ್ದೆಲ್ಲ ಬಂದ ಮೇಲೆ ಅವರಿಬ್ಬರ ಬಾಯಿಂದ ಕೇಳಿದ್ದು.

ಹಡಗು ನೋಡಿದರೆ ನಾಲ್ಕು ಬೀದಿ ಒಂದರ ಮೇಲೊಂದು ಇಟ್ಟ ಹಾಗೆ ಇತ್ತಂತೆ. ಹತ್ತಿದ ಮೊದಲ ದಿನದಿಂದಲೇ ತನಿಯಪ್ಪನವರಿಗೆ ಕಸಿವಿಸಿ. ಯಾರಾದರೂ ಬಂದು ತಮ್ಮ ಎಂಜಲು ತಟ್ಟೆ ಎತ್ತಲು ಕೈ ಚಾಚಿದರೆ ಸಾಕು, ತಾವೇ ಎದ್ದು ಕೊಂಡೊಯ್ಯುತ್ತಿದ್ದರು. ಮೇಜು ಒರೆಸುತ್ತಿದ್ದರು. ಕ್ಯಾಬಿನ್ ಗುಡಿಸುವವನು ಬರುವ ಮೊದಲೇ ಹಾಸಿಗೆಯ ಚಾದರ ಮೂಲೆ ಮಡಚಿ ಬಿಗಿದಿಡುತ್ತಿದ್ದರು. ಎರಡನೆಯ ದಿನ ಬಫೆಯ ಹತ್ತಿರ ತುಳುವಿನಲ್ಲಿ ಯಾರೋ ಬೈಯುವುದು ಕೇಳಿಸಿ ತಿರುಗಿ ನೋಡಿದರೆ, ಅಲ್ಲಿಯ ಮೇಲ್ವಿಚಾರಕ ಸಿಪ್ರಿಯನ್, ಮಂಗಳೂರಿನ ಬಜ್ಪೆಯವರು, ಐವತ್ತರ ಹತ್ತಿರದವರು. ಅಲ್ಲಿಗೆ ಮುಗಿಯಿತು. ತನಿಯಪ್ಪನವರು ಬೆಳಕು ಹರಿಯುವ ಮೊದಲೇ ಎದ್ದು, ಬಫೆ ಜೋಡಿಸುವಲ್ಲಿಗೆ ಹೋಗಿ ನಿಲ್ಲಲು ಶುರು ಮಾಡಿದರು. ಎಷ್ಟು ಜನ ಒಂದು ಕೋಣೆಗೆ, ಸಂಬಳ ಹೇಗೆ, ಊರಿಗೆ ಹೋಗಿ ಎಷ್ಟು ದಿನವಾಯಿತು ಎಂದೆಲ್ಲ ವಿಚಾರಿಸುವರು. ನ್ಯಾಪ್‌ಕಿನ್ ಮಡಚಲು ಕೂತರೆ ಸಿಪ್ರಿಯನ್ ಕೈ ಹಿಡಿದು, ತನಿಯಣ್ಣ, ನೀವು ಗೆಸ್ಟ್, ಮೇಲಿನವರು ನೋಡಿದರೆ ನನಗೆ ಕಷ್ಟ ಎಂದು ಎಬ್ಬಿಸುವರು. ಎದ್ದು, ಪಕ್ಕದಲ್ಲಿ ನಿಂತೇ ಮಾತು ಮುಂದುವರಿಸುವರು.

ಸ್ವರ್ಣಕ್ಕ ಮೊದಲು ನಕ್ಕರು. ಇಷ್ಟು ವರ್ಷದ ಮೇಲೆ ತವರು ಮನೆ ಸಿಕ್ಕಿದ ಹಾಗಾಗಿದೆ ಇವರಿಗೆ, ಇರಲಿ ಎಂದುಕೊಂಡರು.

ಆರ್ಹುಸ್‌ನಲ್ಲಿ ಹಡಗು ಬೆಳಿಗ್ಗೆಯೇ ದಡಕ್ಕೆ ತಾಗಿತು. ಸ್ವರ್ಣಕ್ಕ ಶೂ ಹಾಕಿ, ಕೋಟು ತೊಟ್ಟು, ಚೀಲ ಹಿಡಿದು ಇಳಿಯುವ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಹತ್ತು ನಿಮಿಷದಲ್ಲಿ ಬಂದೆ ಎಂದು ತನಿಯಪ್ಪನವರು ಹೋದರು. ಜನ ಗುಂಪುಗುಂಪಾಗಿ ಇಳಿದು ಹೋದರು. ಬಾಗಿಲ ಹತ್ತಿರ ಬರಬರುತ್ತ ಖಾಲಿಯಾಯಿತು. ಸ್ವರ್ಣಕ್ಕ ಎದ್ದು ಮೇಲಿನ ಡೆಕ್ಕಿಗೆ ಹೋಗಿ ಕಂಬಿ ಹಿಡಿದು ನಿಂತರು. ಊರು ಅಲ್ಲೇ ಎದುರಿಗಿತ್ತು. ಇಗರ್ಜಿಯ ಚೂಪು ಗೋಪುರ, ಸೈಕಲ್ಲಿನಲ್ಲಿ ಹೋಗುವ ಹೆಂಗಸರು, ಎಲ್ಲ ಕಾಣುತ್ತಿತ್ತು. ಇಳಿದು ಹೋದವರು ಒಬ್ಬೊಬ್ಬರೇ ಕೈಯಲ್ಲಿ ಚೀಲ ಹಿಡಿದು ವಾಪಸು ಬರಲು ಶುರುವಾದಾಗ ತನಿಯಪ್ಪನವರು ಅವಸರದಿಂದ ಬಂದರು. ಸಿಪ್ರಿಯನ್ ಜೊತೆ ಅಡುಗೆಕೋಣೆ ನೋಡಲು ಇಳಿದಿದ್ದೆ, ಹೊತ್ತು ಹೋದದ್ದು ಗೊತ್ತಾಗಲಿಲ್ಲ, ಏನು ಒಲೆಗಳು ಅಂತಿ, ನಮ್ಮ ಕಾಲದಲ್ಲಿ ಹೀಗೆ ಇತ್ತಾ ಎಂದು ಇನ್ನೂ ಉತ್ಸಾಹದಲ್ಲೇ ಇದ್ದರು.

ಸ್ವರ್ಣಕ್ಕ ಕೋಟು ಬಿಚ್ಚಿಡಲು ಕ್ಯಾಬಿನ್‌ಗೆ ಹೋದರು. ಸಂಜೆ ಊಟಕ್ಕೆ ಕೂತಾಗ ಹೇಳಿದರು. ಆ ಮಾತನ್ನು ತನಿಯಪ್ಪನವರೇ ನನಗೆ ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು.

"ಹಡಗಿನವನ ಹೆಂಡತಿ ಕೆಲಸ ನಾನು ಹದಿಮೂರು ವರ್ಷ ಮಾಡಿದ್ದೇನೆ. ಅದರಿಂದಲೂ ನಾನು ರಿಟೈರ್ ಆಗಿದ್ದೇನೆ. ನಾಳೆ ಗೋಥೆನ್‌ಬರ್ಗ್. ನೀವು ಬಂದ್ರೆ ಬನ್ನಿ, ಬಾರದಿದ್ರೆ ನಾನು ಹೋಗುದೇ."

ತನಿಯಪ್ಪನವರು ಹೆದರಿಸುತ್ತಿದ್ದಾಳೆ ಎಂದುಕೊಂಡರು. ಅಲ್ಲಿ ನೋಡಲು ಎಂತ ಉಂಟು, ಕ್ರೇನು, ಗೋಡೌನು, ಮಳೆ ಎಂದರು. ಅಷ್ಟು ಸಲ ಹೋಗಿದ್ದೇನೆ, ಬಂದರಿನ ಗೇಟಿನಿಂದ ಫೋನ್ ತನಕ, ಫೋನಿನಿಂದ ಗೇಟಿನ ತನಕ ನಡೆದಿದ್ದೇನೆ, ಅಷ್ಟೇ ಅಲ್ಲಿ ಇರುವುದು ಎಂದರು. ಸ್ವರ್ಣಕ್ಕ ಊಟ ಮುಗಿಸಿ ಎದ್ದರು.

ಮರುದಿನ ತನಿಯಪ್ಪನವರು ಬಫೆಯಿಂದ ಕ್ಯಾಬಿನ್‌ಗೆ ಬಂದು ನೋಡಿದರೆ ಹೆಂಡತಿ ಇಲ್ಲ. ಶೂ ಇಲ್ಲ, ಕೋಟು ಇಲ್ಲ. ಮೇಲಿನ ಡೆಕ್ಕಿಗೆ ಹೋಗಿರಬಹುದು, ಕಾಫಿಗೆ ಹೋಗಿರಬಹುದು ಎಂದು ಹಡಗೆಲ್ಲ ಸುತ್ತಿದರು.

ಸ್ವರ್ಣಕ್ಕ ಆಗಲೇ ಊರಲ್ಲಿದ್ದರು. ಹಡಗು ನಿಂತದ್ದು ಊರಿನಿಂದ ಬಹಳ ಆಚೆ. ಅಲ್ಲಿಂದ ಪೇಟೆಗೆ ಬಿಡುವ ಬಸ್ಸಿನಲ್ಲಿ ಅಮೆರಿಕದ ಮುದುಕಿಯರ ಜೊತೆ ಕೂತು ಬಂದಿದ್ದರು. ಬಸ್ಸಿಳಿದ ಮೇಲೆ ಒಂದು ಗಳಿಗೆ ಬಾಗಿಲ ಪಕ್ಕದಲ್ಲೇ ನಿಂತುಬಿಟ್ಟೆ ಎಂದು ಅವರೇ ಹೇಳಿದರು. ನಮ್ಮ ಇಂಡಿಯನ್ ಅಂಗಡಿಗಳಿರುವ ಓಕ್ ಟ್ರೀ ರಸ್ತೆಗೆ ಒಬ್ಬರೇ ಹೋಗಿ ಬರುವುದು ಬೇರೆ, ಇದು ಬೇರೆ. ಬೋರ್ಡ್ ಓದಲು ಬರುವುದಿಲ್ಲ, ಒಂದು ಮುಖ ಗೊತ್ತಿಲ್ಲ, ಫೋನಿನ ಬ್ಯಾಟರಿ ಹೋದರೆ ಹಡಗಿಗೆ ದಾರಿಯೂ ಗೊತ್ತಿಲ್ಲ. ಟ್ರಾಮ್ ಸ್ಟಾಪಿನಲ್ಲಿ ನಿಂತಿದ್ದ ಒಬ್ಬ ಹೆಂಗಸಿಗೆ ಫೋನಿನಲ್ಲಿದ್ದ ಗೋಪುರದ ಚಿತ್ರ ತೋರಿಸಿದರು. ಆಕೆ ತನ್ನ ಟ್ರಾಮ್ ಬಿಟ್ಟು, ಇವರದ್ದು ಬರುವ ತನಕ ನಿಂತು, ಹತ್ತಿಸಿ, ಎಲ್ಲಿ ಇಳಿಯಬೇಕೆಂದು ಡ್ರೈವರಿಗೂ ಹೇಳಿ ಹೋದಳಂತೆ.

ಟ್ರಾಮ್ ಗುಡ್ಡ ಹತ್ತಿ ಒಂದು ಚೌಕದಲ್ಲಿ ಇಳಿಸಿತು. ಗೋಪುರ ಹುಡುಕಬೇಕಾಗಲಿಲ್ಲ, ಎದುರಿಗೇ ಇತ್ತು. ತುದಿಯಲ್ಲಿ ಕಂಚಿನ ಹೆಂಗಸು, ಗಾಳಿಗೆ ಲಂಗ ಹಾರುತ್ತಿರುವ ಹಾಗೆ, ಸಮುದ್ರದ ಕಡೆ ಮುಖ. ಯುದ್ಧದಲ್ಲಿ ಮುಳುಗಿ ಹೋದ ನಾವಿಕರ ನೆನಪಿಗೆ ಕಟ್ಟಿಸಿದ್ದಂತೆ. ಸ್ವರ್ಣಕ್ಕ ಕತ್ತೆತ್ತಿ ಬಹಳ ಹೊತ್ತು ನೋಡಿದರು.

"ಅಷ್ಟು ದೊಡ್ಡ ಗೋಪುರ ಕಟ್ಟಿದವರು ಅವಳಿಗೆ ಕೂತ್ಕೊಳ್ಳಲಿಕ್ಕೆ ಒಂದು ಕುರ್ಚಿ ಮಾಡಿಸ್ಲಿಲ್ಲ ನೋಡಿ," ಎಂದು ನನಗೆ ಹೇಳಿದರು.

ಬುಡದಲ್ಲಿ ಫೋನ್ ಇರಲಿಲ್ಲ. ನಾವಿಕರು ತಂಗುವ ಮನೆಯೊಂದರ ಹೊರಗೆ ಅಂಥ ಫೋನ್ ಇತ್ತು, ಆ ಮನೆ ಮೊದಲು ಇಲ್ಲೇ ಎಲ್ಲೋ ಇತ್ತೆಂದು ಪಕ್ಕದ ಮ್ಯೂಸಿಯಮ್ಮಿನ ಬಾಗಿಲಲ್ಲಿದ್ದವರು ಹೇಳಿದರು, ಸರಿಯಾಗಿ ಎಲ್ಲೆಂದು ಅವರಿಗೂ ತಿಳಿಯದು. ಕೆಳಗೆ ನದಿ ಅಗಲವಾಗಿ ಹರಡಿತ್ತು. ಆಚೆ ದಡದಲ್ಲಿ ಕ್ರೇನುಗಳು. ಹಕ್ಕಿಗಳು ಕಿರುಚುತ್ತಿದ್ದವು. ಹೆಜಮಾಡಿಯ ಮಿಲ್ಲಿನಲ್ಲಿ ನಿಂತು ಕಿವಿಯಲ್ಲಿ ಕೇಳಿದ್ದ ಸದ್ದು ಇದೇ ಎಂದು ಸ್ವರ್ಣಕ್ಕನಿಗೆ ಗೊತ್ತಾಯಿತು. ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದರು.

ತನಿಯಪ್ಪನವರು ಮೊದಲ ರಿಂಗಿಗೇ ಎತ್ತಿದರು.

"ನಾನು. ಗೋಥೆನ್‌ಬರ್ಗ್‌ನಲ್ಲಿದ್ದೇನೆ," ಅಂದರು ಸ್ವರ್ಣಕ್ಕ.

ತನಿಯಪ್ಪನವರು ಎಲ್ಲಿ, ಯಾರ ಜೊತೆ, ಹೇಗೆ ಹೋದೆ ಎಂದೆಲ್ಲ ಒಂದೇ ಉಸಿರಿಗೆ ಕೇಳಿದರು. ಸ್ವರ್ಣಕ್ಕ, ಗೋಪುರದ ಬುಡದಲ್ಲಿ ಕೂತಿದ್ದೇನೆ ಎಂದರು. ಆಮೇಲೆ, ಇಷ್ಟು ವರ್ಷ ಕೇಳದೆ ಬಿಟ್ಟದ್ದನ್ನು ಕೇಳಿದರು.

"ಅತ್ತೆ ಹೋದ್ರು ಅಂತ ಹೇಳಿದಾಗ ನೀವು ಫೋನ್ ಇಟ್ಟಿರಿ. ಇಟ್ಟು ಎಂತ ಮಾಡಿದಿರಿ?"

ಕಟ್ಟಾಯಿತೇನೋ ಎಂದು ಸ್ವರ್ಣಕ್ಕ ಫೋನ್ ತೆಗೆದು ನೋಡಿದರು. ಕಟ್ಟಾಗಿರಲಿಲ್ಲ.

"ನಾನು ಇಟ್ಟದ್ದಲ್ಲ," ಎಂದರು ತನಿಯಪ್ಪನವರು ಕೊನೆಗೆ. "ಹಾಕಿದ ಚಿಲ್ಲರೆ ಮುಗಿಯಿತು. ಜೇಬಲ್ಲಿ ಇನ್ನೂ ಇತ್ತು. ಹಾಕ್ಲಿಲ್ಲ. ಹಾಕಿದ್ರೆ ನಿನ್ನ ಹತ್ರ ಮಾತಾಡ್ಬೇಕಿತ್ತಲ್ಲ."

"ಮತ್ತೆ?"

"ಹಡಗಿಗೆ ಹೋದೆ. ಸೂಪು ಮಾಡ್ಲಿಕ್ಕಿತ್ತು. ಮಾಡಿದೆ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಕೆಲಸ ಬೇಡ, ಹೋಗಿ ಮಲಗು ಅಂತಿದ್ರು. ಒಬ್ಬನೇ ಮಲಗಿ ಎಂತ ಮಾಡುದು?"

ಆ ಸಲದ ಓಡಾಟ ಮುಗಿಯುವ ತನಕ ಹಡಗಿನಲ್ಲಿ ಒಬ್ಬರಿಗೂ ತಾಯಿ ಸತ್ತದ್ದು ತಿಳಿಯಲಿಲ್ಲ. ಊರಿಗೆ ಬಂದಾಗ ಎಲ್ಲ ಮುಗಿದು ಹೋಗಿತ್ತು; ಆಗ ಆ ಮಾತು ತೆಗೆದರೆ ಸ್ವರ್ಣಳಿಗೆ ಮತ್ತೆ ನೋವು ಎಂದುಕೊಂಡರು; ಹಾಗೇ ವರ್ಷ ಉರುಳಿತು. ಇದನ್ನೆಲ್ಲ ಅವರು ತಡೆದು ತಡೆದು ಹೇಳಿದರು. ಬಟ್ಟೆ ಗಂಟಿನಿಂದ ಒಂದೊಂದೇ ಕಲ್ಲು ತೆಗೆದು ಕೊಡುವ ಹಾಗೆ ಕೊಟ್ಟರು ಎಂದರು ಸ್ವರ್ಣಕ್ಕ. ಸ್ವರ್ಣಕ್ಕನಿಗೆ ಅಳು ಬರಲಿಲ್ಲವಂತೆ. ಕೋಪವೂ ಬಂತು, ಪಾಪ ಅಂತಲೂ ಅನಿಸಿತು, ಯಾವುದು ಹೆಚ್ಚು ಅಂತ ಈಗಲೂ ಗೊತ್ತಿಲ್ಲ ಎಂದರು. ಒಬ್ಬಳೇ ಸೌದೆ ಹೊಂದಿಸಿದ ತನ್ನ ಹಾಗೆ, ಫೋನ್ ಕಟ್ಟಾದ ದಿನ ಇವರೂ ಎಲ್ಲೋ ಒಂದು ಕಡೆ ಒಬ್ಬರೇ ನಿಂತಿರಬಹುದು ಎಂದು ತಾನು ಯೋಚಿಸಿಯೇ ಇರಲಿಲ್ಲ ಎಂದರು.

ಮಾತು ಮುಗಿದ ಮೇಲೆ ತನಿಯಪ್ಪನವರು, ಅಲ್ಲೇ ಇರು, ನಾನು ಬರ್ತೇನೆ ಎಂದರು.

"ಬೇಡ," ಅಂದರು ಸ್ವರ್ಣಕ್ಕ. "ನೀವು ಅಲ್ಲೇ ಇರಿ. ನಾನು ಊರು ನೋಡಿ ಬರ್ತೇನೆ."

ಫೋನ್ ಚೀಲಕ್ಕೆ ಹಾಕಿ ಗುಡ್ಡ ಇಳಿದರು. ಮಂಡಿ ನೋವಿಗೆ ಮೆಟ್ಟಿಲಿನ ಕಂಬಿ ಹಿಡಿದು, ಅಡ್ಡಡ್ಡ ಹೆಜ್ಜೆ ಇಟ್ಟು ಇಳಿದರು. ಕೆಳಗೆ ಮರದ ಹಳೆ ಮನೆಗಳ ಬೀದಿಯಲ್ಲಿ ತಟ್ಟೆಯಷ್ಟು ದೊಡ್ಡ ದಾಲ್ಚಿನ್ನಿ ಬನ್ ಕೊಂಡು, ಅರ್ಧ ತಿಂದು, ಉಳಿದರ್ಧ ಗಂಡನಿಗೆಂದು ಕಾಗದದಲ್ಲಿ ಸುತ್ತಿಟ್ಟರು. ನದಿ ದಾಟುವ ಸಣ್ಣ ದೋಣಿ ಕಂಡಿತು. ಅದರಲ್ಲಿ ಕೂತು ಆ ದಡಕ್ಕೆ ಹೋದರು. ಗಂಡನ ಹಡಗು ನಿಲ್ಲುತ್ತಿದ್ದದ್ದು ಆ ಕಡೆಯೇ ಇರಬೇಕು ಎಂದು ಅವರ ಅಂದಾಜು. ಅಲ್ಲೀಗ ಗಾಜಿನ ಕಟ್ಟಡಗಳು, ನಾಯಿ ಹಿಡಿದು ಓಡುವ ಜನ. ಒಂದು ಸುತ್ತು ಹಾಕಿ ಅದೇ ದೋಣಿಯಲ್ಲಿ ವಾಪಸು ಬಂದರು.

ಬರುವಾಗ ತೊಂದರೆಯಾಯಿತು. ಬಂದ ದಿಕ್ಕಿಗೇ ಹೋಗುತ್ತದೆ ಎಂದುಕೊಂಡು ಹತ್ತಿದ ಟ್ರಾಮ್ ಬೇರೆ ಕಡೆ ತಿರುಗಿತು. ಗೊತ್ತಾಗುವ ಹೊತ್ತಿಗೆ ಮನೆಗಳು ಕಡಿಮೆಯಾಗಿ ಮರಗಳು ಶುರುವಾಗಿದ್ದವು. ಹಡಗಿನ ಕೊನೆಯ ಬಸ್ಸು ತಪ್ಪಿದರೆ ಹಡಗೂ ತಪ್ಪಿದ ಹಾಗೆ. ಗಂಡನಿಗೆ ಫೋನ್ ಮಾಡಲು ಕೈ ಹೋಯಿತು, ಮಾಡಲಿಲ್ಲ. ಮಾಡಿ ಪ್ರಯೋಜನವೇನು, ಅವರಿಗೆ ಈ ಊರು ನನಗಿಂತ ಕಡಿಮೆ ಗೊತ್ತು ಎಂದುಕೊಂಡರು. ಇಳಿದು, ಎದುರು ಬದಿಯ ಸ್ಟಾಪಿಗೆ ದಾಟಿ, ಬಂದ ಟ್ರಾಮಿನ ಡ್ರೈವರಿಗೆ ಹಡಗಿನ ಕಾರ್ಡು ತೋರಿಸಿದರು. ಅವನು ಒಂದು ಕಡೆ ಇಳಿಸಿ ಕೈ ತೋರಿಸಿದ. ಅಲ್ಲಿಂದ ಬಸ್ಸು ನಿಲ್ಲುವ ಜಾಗಕ್ಕೆ, ಮಂಡಿಯ ಮಾತು ಕೇಳದೆ, ಹುಡುಗಿಯ ಹಾಗೆ ನಡೆದರು. ಬಸ್ಸಿನವರು ಬಾಗಿಲು ಹಾಕುವುದರಲ್ಲಿದ್ದರು. ಇವರನ್ನು ನೋಡಿ ತೆರೆದರು.

ತನಿಯಪ್ಪನವರು ಹಡಗಿನ ಕೆಳಗೆ, ಬಯಲಲ್ಲಿ, ಸ್ವೆಟರ್ ಕೂಡ ಇಲ್ಲದೆ ನಿಂತಿದ್ದರು. ಮಧ್ಯಾಹ್ನದಿಂದ ಅಲ್ಲೇ ಇದ್ದಾರೆ, ಒಳಗೆ ಬನ್ನಿ ಅಂದರೂ ಬರಲಿಲ್ಲ ಎಂದು ಸಿಪ್ರಿಯನ್ ಆಮೇಲೆ ಸ್ವರ್ಣಕ್ಕನಿಗೆ ಹೇಳಿದರಂತೆ. ಒಂದೊಂದು ಬಸ್ಸು ಬಂದಾಗಲೂ ಇಳಿಯುವವರ ಮುಖ ನೋಡುತ್ತಿದ್ದರಂತೆ. ಸ್ವರ್ಣಕ್ಕ ಇಳಿದದ್ದು ಕಂಡು ಹತ್ತಿರ ಬಂದು, ಅವರ ಕೈಯಿಂದ ಚೀಲ ತೆಗೆದುಕೊಂಡರು.

"ಊಟ ಆಯ್ತಾ?" ಎಂದು ಕೇಳಿದರು.

"ಆಯ್ತು. ನಿಮ್ಮದು?"

ಆಗಿರಲಿಲ್ಲ. ಅರ್ಧ ಬನ್ ಅಲ್ಲೇ ನಿಂತು ತಿಂದರು. ಕಾಯುವುದು ಅಂದರೆ ಹೀಗೆ ಅಂತ ನನಗೆ ಗೊತ್ತಿರಲಿಲ್ಲ ಮಾರಾಯ್ರೆ ಎಂದು ತನಿಯಪ್ಪನವರು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದರು. ಹಡಗಲ್ಲಿ ಕಾಯುವವರಿಗೆ ಕೆಲಸವಾದರೂ ಇರುತ್ತದೆ, ಎಂದರು.

ಅದಾದ ಮೇಲೆ ಎಲ್ಲ ಸರಿಹೋಯಿತು ಅಂತೇನೂ ಅಲ್ಲ. ಓಸ್ಲೋದಲ್ಲಿ ತನಿಯಪ್ಪನವರು ಜೊತೆಗೆ ಇಳಿದರು, ಆದರೆ ಊರು ನೋಡುವುದು ಹೇಗೆಂದೇ ಅವರಿಗೆ ತಿಳಿಯದು. ಎರಡು ಗಂಟೆ ರಜೆ ಸಿಕ್ಕಿದ ನಾವಿಕನ ಹಾಗೆ ದಾಪುಗಾಲು ಹಾಕಿ ಮುಂದೆ ಮುಂದೆ ನಡೆದು, ತಿರುಗಿ ನೋಡಿದರೆ ಹೆಂಡತಿ ಎಲ್ಲೋ ಹಿಂದೆ. ನೀರಿನ ಪಕ್ಕದ ಒಪೆರಾ ಕಟ್ಟಡದ ಇಳಿಜಾರು ಮಾಡಿನ ಮೇಲೆ ಸ್ವರ್ಣಕ್ಕ ಅವರನ್ನು ಹಿಡಿದು ಕೂರಿಸಿದರು. ಸುಮ್ಮನೆ ಕೂತು ಜನ ನೋಡುವುದೂ ಒಂದು ಕೆಲಸ ಎಂದು ಹೇಳಿಕೊಡಬೇಕಾಯಿತು. ಮುಂದಿನ ಬಂದರು ಕ್ರಿಸ್ಟಿಯನ್‌ಸ್ಯಾಂಡ್‌ನಲ್ಲಿ ಮಳೆ ಬಂದು, ಛತ್ರಿ ಯಾರು ಮರೆತದ್ದು ಎಂಬುದಕ್ಕೆ ಜಗಳವಾಗಿ ಅರ್ಧ ದಿನ ಮಾತು ಬಿಟ್ಟರು. ಸ್ಟಾವಾಂಗರ್‌ನಲ್ಲಿ ತನಿಯಪ್ಪನವರು ತಾವಾಗಿಯೇ ಒಂದು ಮೂಲೆ ತೋರಿಸಿ, ಇಲ್ಲಿ ನಮ್ಮ ಹಡಗಿನ ಫಿಲಿಪಿನೋ ಗೆಳೆಯ ಜಾರಿ ನೀರಿಗೆ ಬಿದ್ದಿದ್ದ, ಹಗ್ಗ ಎಸೆದು ಎಳೆದೆವು, ಬದುಕಿದ ಎಂದರು. ಸ್ವರ್ಣಕ್ಕ ಮುಂದೆ ಕೇಳಲಿಲ್ಲ. ಕೇಳದಿದ್ದದ್ದಕ್ಕೇ ತನಿಯಪ್ಪನವರು ಇನ್ನೊಂದು ಕತೆ ಹೇಳಿದರು.

ಬೆಳಗಿನ ಹೊತ್ತು ಬಫೆಯ ಕಡೆ ಹೋಗುವುದನ್ನು ಅವರು ಬಿಡಲಿಲ್ಲ. ಸ್ವರ್ಣಕ್ಕ ಬಿಡಿಸಲೂ ಇಲ್ಲ. ಬೆಳಿಗ್ಗೆ ಸಿಪ್ರಿಯನ್‌ರದ್ದು, ಹಡಗು ದಡಕ್ಕೆ ತಾಗಿದ ಮೇಲೆ ನನ್ನದು ಎಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟರು. ಕೊನೆಯ ದಿನ ಕೋಪನ್‌ಹೇಗನ್‌ನಲ್ಲಿ ಇಳಿಯುವಾಗ ಸಿಪ್ರಿಯನ್ ಬಾಗಿಲ ತನಕ ಬಂದಿದ್ದರು. ಅವರ ಹೆಂಡತಿ ಬಜ್ಪೆಯಲ್ಲಿದ್ದಾರೆ. ದಿನಾ ವಿಡಿಯೋ ಕಾಲ್ ಮಾಡ್ತೇನೆ ಅಕ್ಕ, ನಮ್ಮದು ನಿಮ್ಮ ಕಾಲದ ಹಾಗಲ್ಲ ಎಂದರಂತೆ. ಮುಖ ಕಂಡರೆ ಸಾಲದು, ಕೆಟ್ಟ ಸುದ್ದಿ ಬಂದಾಗ ಬಾಯಿ ಬಿಡಬೇಕು ಎಂದು ಸ್ವರ್ಣಕ್ಕ ಅವರಿಗೆ ಹೇಳಿ ಬಂದರು.

ಈಗ ಅವರಿಬ್ಬರ ನಡುವೆ ಹೊಸ ತಕರಾರು. ಫೋನಿನಲ್ಲಿ ಕೇಳಿದ ಹೆಸರುಗಳಲ್ಲಿ ಆಂಟ್‌ವರ್ಪ್ ಮತ್ತು ಹ್ಯಾಂಬರ್ಗ್ ಇನ್ನೂ ಬಾಕಿ ಇವೆ. ಅಲ್ಲಿ ನೋಡಲು ಎಂತದೂ ಇಲ್ಲ ಎನ್ನುತ್ತಾರೆ ತನಿಯಪ್ಪನವರು. ನೋಡಿ ಬಂದು ನಾನು ಹೇಳ್ತೇನೆ ಎನ್ನುತ್ತಾರೆ ಸ್ವರ್ಣಕ್ಕ. ಮುಂದಿನ ಮೇ ತಿಂಗಳಿಗೆ ಬುಕ್ ಮಾಡಿಯಾಗಿದೆ. ಅದಕ್ಕೆ ಮೊದಲು ಮಂಡಿ ಸರಿಯಾಗಬೇಕೆಂದು, ಡಾಕ್ಟರು ಬೇಸಿಗೆಗೆ ಇಡೋಣ ಎಂದ ಆಪರೇಷನ್ನನ್ನು ಹಟ ಮಾಡಿ ಜನವರಿಗೇ ಹಾಕಿಸಿಕೊಂಡರು. ನಿನ್ನೆ ಫಿಸಿಯೋಥೆರಪಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಹೊರಗೆಲ್ಲ ಹಿಮ. ಒಳಗೆ ಥೆರಪಿ ಮಾಡಿಸುವ ಹುಡುಗಿ, ಇನ್ನು ಸಾಕು, ಇವತ್ತಿಗೆ ಇಷ್ಟೇ ಎಂದು ಎರಡು ಸಲ ಹೇಳಿದಳು. ತನಿಯಪ್ಪನವರು ಗೋಡೆ ಪಕ್ಕದ ಕುರ್ಚಿಯಲ್ಲಿ ಹೆಂಡತಿಯ ಕೋಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸ್ವರ್ಣಕ್ಕ ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಲ್ಲು ಕಚ್ಚಿಕೊಂಡು, ಇನ್ನೊಂದು ಸುತ್ತು ಹೊರಟರು.